ಮೃದಂಗದ ಎಡಮುಖ ಎಲ್ಲಿ ಹೋಯಿತು: ಅಳತೆ ಮತ್ತು ಆಲಿಕೆಯ ನನ್ನ ಅನುಭವ

ಮೈಸೂರಿನ ನಮ್ಮ ಮನೆಯ ಹಜಾರದಲ್ಲಿ ಕುಳಿತು ಕಛೇರಿಗಳ ಧ್ವನಿಮುದ್ರಣ ಕೇಳುವಾಗ ಮೃದಂಗದ ಎಡಮುಖದ ನಾದ ಸೊರಗಿದಂತಿರುತ್ತದೆ ಎಂಬ ಕೊರತೆ ನನ್ನನ್ನು ಹಲವು ತಿಂಗಳು ಕಾಡಿತು. ಗಾಯಕರ ಕಂಠ ಸಹಜವಾಗಿತ್ತು, ಬಲಮುಖದ ನುಡಿಗಳು ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತಿದ್ದವು. ಗುಮ್ಕಿ, ಅಂದರೆ ಎಡಮುಖದ ಆ ಗಂಭೀರ ತಗ್ಗು ನಾದ, ಹುಟ್ಟಬೇಕಾದ ಜಾಗ ಮಾತ್ರ ಬಟ್ಟೆ ಹೊದಿಸಿದಂತೆ ಮಂಕಾಗಿತ್ತು. ಚಿಕ್ಕಂದಿನಲ್ಲಿ ಐದು ವರ್ಷ ಮೃದಂಗ ಕಲಿತವನಾದ್ದರಿಂದ, ರವೆ ಕಲಸಿ ಮೆತ್ತಿದ ಆ ಮುಖ ಹೇಗೆ ನುಡಿಯಬೇಕೆಂಬುದು ನನಗೆ ತಿಳಿದಿತ್ತು, ಹಾಗಾಗಿ ಕಿವಿಯ ದೂರನ್ನು ನಾನು ಸಂಶಯಿಸಲಿಲ್ಲ. ಸಂಶಯಿಸಬೇಕಾಗಿದ್ದುದು ಆ ದೂರಿಗೆ ನಾನೇ ಊಹಿಸಿಕೊಂಡ ಕಾರಣವನ್ನು. ಆಂಪ್ಲಿಫೈಯರ್‌ಗೆ ಶಕ್ತಿ ಸಾಲದೆಂದು ತೀರ್ಮಾನಿಸಿ, ಹಳೆಯದರ ಮೂರು ಪಟ್ಟು ಬೆಲೆಯ ಇನ್ನೊಂದನ್ನು ತಂದೆ. ಎರಡು ವಾರ ಎಲ್ಲವೂ ಸುಧಾರಿಸಿತೆಂದೇ ನಂಬಿದ್ದೆ. ಮೂರನೆಯ ವಾರ ಎಡಮುಖ ಮತ್ತೆ ಸೊರಗಿತು.

ಆಗ ಅಳೆದು ನೋಡುವ ಮನಸ್ಸಾಯಿತು. ಯುಮಿಕ್-1 ಎಂಬ ಮಾಪನ ಮೈಕ್ರೊಫೋನನ್ನು ಕೊಂಡು, ರೂಮ್ ಇಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು, ನಾನು ಕೂರುವ ಕುರ್ಚಿಯಲ್ಲಿ ಕಿವಿಯ ಎತ್ತರಕ್ಕೆ ಮೈಕನ್ನು ನಿಲ್ಲಿಸಿ, 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗೆ ಏರುವ ಪರೀಕ್ಷಾ ಸ್ವರವನ್ನು ನುಡಿಸಿದೆ. ಮೊದಲ ದಿನ, ಯಾವ ಸ್ವರ ಎಷ್ಟು ಜೋರೆಂದು ತೋರಿಸುವ ಗೆರೆಯನ್ನು ಹೆಚ್ಚು ನಯಗೊಳಿಸಿ ನೋಡಿದ್ದರಿಂದ ತಗ್ಗು ಸ್ವರಗಳಲ್ಲಿ ಸಣ್ಣದೊಂದು ಇಳಿಜಾರು ಮಾತ್ರ ಕಂಡಿತ್ತು, ಅದನ್ನು ನಿರ್ಲಕ್ಷಿಸಿದೆ. ನಯಗೊಳಿಸುವುದನ್ನು ತೆಗೆದಾಗ 66 ಹರ್ಟ್ಜ್ ಸುತ್ತ 14 ಡೆಸಿಬೆಲ್ ಆಳದ ಹಳ್ಳ ಬಾಯ್ತೆರೆದು ನಿಂತಿತ್ತು. ಅಂದರೆ ಅಲ್ಲಿ ಧ್ವನಿಯ ಒತ್ತಡ ಇರಬೇಕಾದುದರ ಐದನೆಯ ಒಂದು ಭಾಗಕ್ಕೆ ಇಳಿದಿತ್ತು. ಹಳೆಯ ಆಂಪ್ಲಿಫೈಯರ್ ಜೋಡಿಸಿ ಮತ್ತೆ ಅಳೆದರೆ ಎರಡೂ ಗೆರೆಗಳು ಒಂದರ ಮೇಲೊಂದು ಕೂತವು.

ಟೇಪು ಹಿಡಿದು ಹಜಾರವನ್ನು ಅಳೆದಾಗ ಕಾರಣ ಸಿಕ್ಕಿತು. ಹಜಾರದ ಉದ್ದ 5.2 ಮೀಟರ್. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 345 ಮೀಟರ್ ಎಂದಿಟ್ಟುಕೊಂಡರೆ, 66 ಹರ್ಟ್ಜ್‌ನ ಒಂದು ಪೂರ್ತಿ ಅಲೆ ಎದುರುಬದುರು ಗೋಡೆಗಳ ನಡುವೆ ಸರಿಯಾಗಿ ಹಿಡಿಯುತ್ತದೆ, ಹಾಗೆ ಹಿಡಿದು ನಿಂತ ಅಲೆಯ ಒತ್ತಡ ಎರಡೂ ಗೋಡೆಗಳಿಂದ ಕಾಲುಭಾಗ ದೂರದಲ್ಲಿ ಬಹುತೇಕ ಇಲ್ಲವಾಗುತ್ತದೆ. ನನ್ನ ಕುರ್ಚಿ ಹಿಂದಿನ ಗೋಡೆಯಿಂದ 1.3 ಮೀಟರ್ ದೂರದಲ್ಲಿತ್ತು. ಒಂದನೆಯ ಮನೆ ಶ್ರುತಿಯಲ್ಲಿ ಹಾಡುವ ಗಾಯಕರ ಮಧ್ಯಸ್ಥಾಯಿಯ ಷಡ್ಜ ಸುಮಾರು 131 ಹರ್ಟ್ಜ್, ಅದರ ಕೆಳಗಿನ ಷಡ್ಜ 65. ಎಡಮುಖದ ಗಂಭೀರ ನಾದ ಸುಳಿಯುವುದೂ ಆ ಆಸುಪಾಸಿನಲ್ಲೇ. ನಾದ ಸ್ಪೀಕರಿನಿಂದ ಹೊರಟು ಹಜಾರವನ್ನೆಲ್ಲ ತುಂಬುತ್ತಿತ್ತು, ನಾನು ಕೂತ ಜಾಗದಲ್ಲಿ ಮಾತ್ರ ಇರಲಿಲ್ಲ. ಕುರ್ಚಿಯನ್ನು 60 ಸೆಂಟಿಮೀಟರ್ ಮುಂದಕ್ಕೆ ಎಳೆದೆ. ಹಳ್ಳ 4 ಡೆಸಿಬೆಲ್‌ಗೆ ಇಳಿಯಿತು, ಅಂದು ಸಂಜೆ ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನವನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣು ತೇವವಾಗುವಷ್ಟು ಸಂತೋಷದಿಂದ ಕೇಳಿದೆ.

ಹಾಗಾದರೆ ಮೊದಲ ಎರಡು ವಾರ ಕೇಳಿದ ಸುಧಾರಣೆ ಏನು? ಇದನ್ನು ತಿಳಿಯದೆ ಬಿಡಲು ನನಗೆ ಇಷ್ಟವಿರಲಿಲ್ಲ. ಪರದೆಯ ಹಿಂದೆ ಎರಡೂ ಆಂಪ್ಲಿಫೈಯರ್‌ಗಳನ್ನಿಟ್ಟು, ಯಾವುದು ನುಡಿಯುತ್ತಿದೆ ಎಂದು ಹೇಳದೆ ಬದಲಾಯಿಸುವಂತೆ ಮಗಳನ್ನು ಕೇಳಿಕೊಂಡೆ. ಹೊಸದನ್ನು ಬಹುತೇಕ ಪ್ರತಿಸಲವೂ ಗುರುತಿಸಿದೆ. ಅನಂತರ 400 ಹರ್ಟ್ಜ್ ಸ್ವರವನ್ನು ನುಡಿಸಿ, ಸ್ಪೀಕರಿನ ತುದಿಗಳಲ್ಲಿ ಮಲ್ಟಿಮೀಟರ್ ಹಿಡಿದಾಗ, ನಾನು ಒಂದೇ ಮಟ್ಟವೆಂದುಕೊಂಡಿದ್ದ ಜಾಗದಲ್ಲಿ ಹೊಸದು 0.8 ಡೆಸಿಬೆಲ್ ಜೋರಾಗಿತ್ತು. ಅಷ್ಟು ಸಣ್ಣ ಅಂತರವನ್ನು ಕಿವಿ ಜೋರೆಂದು ಗುರುತಿಸುವುದಿಲ್ಲ. ತುಂಬಿದ, ಜೀವವಿರುವ ನಾದವೆಂದು ಸ್ವೀಕರಿಸುತ್ತದೆ. ಎರಡನ್ನೂ 0.1 ಡೆಸಿಬೆಲ್ ಒಳಗೆ, ಅಂದರೆ ವೋಲ್ಟೇಜಿನಲ್ಲಿ ಶೇಕಡಾ ಒಂದರ ಅಂತರಕ್ಕೆ, ಸರಿಹೊಂದಿಸಿದ ಮೇಲೆ 16 ಸಲದಲ್ಲಿ 9 ಸಲ ಸರಿಯಾಗಿ ಹೇಳಿದೆ. ಕೇವಲ ಊಹೆಯಲ್ಲವೆನ್ನಲು ಕನಿಷ್ಠ 12 ಬೇಕಿತ್ತು. ಪರದೆ ಇಲ್ಲದೆ ಕೊಟ್ಟ ತೀರ್ಪನ್ನು ಅಂದಿನಿಂದ ನಾನು ತೀರ್ಪೆಂದು ಪರಿಗಣಿಸಿಲ್ಲ. ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಸ್ಪೀಕರುಗಳ ವಿಷಯದಲ್ಲಿ ಇದನ್ನೇ ತೋರಿಸಿದ್ದರು: ಕೇಳುಗರಿಗೆ ಪೆಟ್ಟಿಗೆ ಕಂಡಾಗ ಮತ್ತು ಕಾಣದಾಗ ಅವೇ ಸ್ಪೀಕರುಗಳಿಗೆ ಬಿದ್ದ ಅಂಕಗಳು ಬೇರೆಯಾಗಿದ್ದವು.

ಆದರೂ ಅಂಕಿಗಳಷ್ಟೇ ಸಾಕೆನ್ನುವವರ ಜೊತೆ ನಾನು ಸೇರಲಾರೆ, ಅದಕ್ಕೆ ಕಾರಣ ಗೆಳೆಯರೊಬ್ಬರ ವಾಲ್ವ್ ಆಂಪ್ಲಿಫೈಯರ್, ಅಂದರೆ ಹಳೆಯ ಕಾಲದಂತೆ ಗಾಜಿನ ನಳಿಕೆಗಳಿಂದ ನಡೆಯುವಂಥದ್ದು. ಅದರ ವಿಕೃತಿ, ಅಂದರೆ ಮೂಲದಲ್ಲಿಲ್ಲದ್ದನ್ನು ಅದು ನಾದಕ್ಕೆ ಬೆರೆಸುವ ಪ್ರಮಾಣ, ಶೇಕಡಾ ಒಂದರಷ್ಟು, ನನ್ನದಕ್ಕಿಂತ ನೂರಾರು ಪಟ್ಟು ಹೆಚ್ಚು. ಕಾಗದದ ಮೇಲೆ ಅದು ಸೋತಂತೆಯೇ. ಪರದೆಯ ಹಿಂದೆ, ಮಟ್ಟ ಸರಿಹೊಂದಿಸಿಯೂ, 16ರಲ್ಲಿ 15 ಸಲ ಅದನ್ನು ಗುರುತಿಸಿದೆ, ವೀಣೆಯ ಹಳೆಯ ಮುದ್ರಣಗಳಲ್ಲಿ ಅದನ್ನೇ ಮೆಚ್ಚಿದೆ. ಕರಣೆ ಎಂಬ ಕಪ್ಪು ಲೇಪ ಹಾಕುವ ಕುಶಲಕರ್ಮಿಗಳು ಮೃದಂಗದ ಬಲಮುಖದಲ್ಲಿ ಮೂಲಸ್ವರದ ಜೊತೆ ಏಳುವ ಉಪಸ್ವರಗಳನ್ನು ಕಿವಿಯೊಂದನ್ನೇ ನಂಬಿ ಶ್ರುತಿಬದ್ಧಗೊಳಿಸಿದ ಎಷ್ಟೋ ಕಾಲದ ಮೇಲೆ, 1920ರಲ್ಲಿ, ಸಿ. ವಿ. ರಾಮನ್ ಮತ್ತು ಶಿವಕಾಳಿ ಕುಮಾರ್ ಅದರ ಭೌತಶಾಸ್ತ್ರವನ್ನು ವಿವರಿಸಿದರೆಂಬುದು ನೆನಪಾಯಿತು. ಕಿವಿ ಗುರುತಿಸಿದ್ದಕ್ಕೆ ಹೊಂದುವ ಅಳತೆ ಎಲ್ಲೋ ಇರಲೇಬೇಕೆಂದುಕೊಂಡು ಹುಡುಕಿದೆ.

ಅದು ವಿಕೃತಿಯ ಅಂಕಿಯಲ್ಲಿರಲಿಲ್ಲ. ಆ ವಾಲ್ವ್ ಯಂತ್ರದ ಹೊರಹರಿವಿನ ರೋಧ, ಅಂದರೆ ಸ್ಪೀಕರಿಗೆ ಹರಿಯುವ ವಿದ್ಯುತ್ತಿಗೆ ಅದು ಒಳಗಿನಿಂದಲೇ ಒಡ್ಡುವ ತಡೆ, ಸುಮಾರು 2 ಓಮ್. ನನ್ನ ಸ್ಪೀಕರಿನ ರೋಧವಾದರೋ ಸ್ವರ ಬದಲಾದಂತೆ 5 ಓಮ್‌ನಿಂದ 30 ಓಮ್‌ವರೆಗೆ ಏರಿಳಿಯುತ್ತದೆ. ಇವೆರಡು ಸೇರಿದಾಗ ಸ್ಪೀಕರಿಗೆ ತಲುಪುವ ವೋಲ್ಟೇಜಿನಲ್ಲಿ 2 ಡೆಸಿಬೆಲ್‌ಗೂ ಮಿಕ್ಕ ಏರಿಳಿತ ಬರುತ್ತದೆಂದು ಲೆಕ್ಕ ಹೇಳಿತು, ಸ್ಪೀಕರಿನ ತುದಿಗಳಲ್ಲಿ ಅಳೆದಾಗಲೂ ಹಾಗೆಯೇ ಬಂದಿತು. ನನ್ನ ಹಳೆಯ ಆಂಪ್ಲಿಫೈಯರಿನಿಂದ ಎರಡೂ ಸ್ಪೀಕರುಗಳಿಗೆ ಹೋಗುವ ದಾರಿಯಲ್ಲಿ 2 ಓಮ್‌ನ, 10 ವ್ಯಾಟ್ ತಾಳುವ ರೆಸಿಸ್ಟರುಗಳನ್ನು ಒಂದೊಂದರಂತೆ ಸೇರಿಸಿ, ಮಟ್ಟ ಸರಿಪಡಿಸಿ, ಮತ್ತೆ ಪರದೆ ಎಳೆದೆವು. ಈ ಸಲ ವಾಲ್ವ್ ಯಂತ್ರವನ್ನು ಗುರುತಿಸಿದ್ದು 16ರಲ್ಲಿ 10 ಸಲ, ಊಹೆಯ ಮಟ್ಟವಷ್ಟೇ. ಗೆಳೆಯರೂ ಕೂತು ಕೇಳಿದರು, ಅವರಿಗೆ ಬಂದದ್ದು 8.

ದುಬಾರಿ ಆಂಪ್ಲಿಫೈಯರನ್ನು ಮಾರಿದೆ. ಕುರ್ಚಿಯ ಕಾಲುಗಳ ಜಾಗವನ್ನು ನೆಲದ ಮೇಲೆ ಸುಣ್ಣದಕಡ್ಡಿಯಿಂದ ಗುರುತು ಮಾಡಿದ್ದೇನೆ, ಹಬ್ಬಕ್ಕೆ ಮನೆ ತೊಳೆದಾಗಲೆಲ್ಲ ಟೇಪು ಹಿಡಿದು ಮತ್ತೆ ಬರೆಯುತ್ತೇನೆ. ರೆಸಿಸ್ಟರುಗಳು ಸ್ಪೀಕರಿನ ಪಕ್ಕದ ಡಬ್ಬಿಯಲ್ಲಿವೆ. ವೀಣೆ ಕೇಳುವ ದಿನ ಅವನ್ನು ಜೋಡಿಸಿಕೊಳ್ಳುತ್ತೇನೆ.