ಹತ್ತು ಕಂಪ್ಯೂಟರ್, ಒಂದೇ ಸಿಮ್: ಉಬುಂಟು ಅಪ್‌ಡೇಟ್ ನಾನು ಹೇಗೆ ಮಾಡುತ್ತೇನೆ

ಸಾಗರ ತಾಲ್ಲೂಕಿನ ಒಂದು ಸಣ್ಣ ಪೇಟೆಯಲ್ಲಿ ನಾನು ಕಂಪ್ಯೂಟರ್ ಕ್ಲಾಸ್ ನಡೆಸುತ್ತೇನೆ. ಹತ್ತು ಕಂಪ್ಯೂಟರ್ ಇವೆ, ಎಲ್ಲವೂ ಹಳೆಯವು. ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಯಾವುದರಲ್ಲೂ ಇಲ್ಲ, ಹಾಗಾಗಿ ವಿಂಡೋಸ್ 11ರ ಆಸೆ ಇರಲಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಅಂತ ಮೊದಲೇ ಗೊತ್ತಿತ್ತಲ್ಲ, ಆ ವರ್ಷದ ಬೇಸಿಗೆ ರಜೆಯಲ್ಲೇ ಹತ್ತಕ್ಕೂ ವಿಂಡೋಸ್ ಬದಲು ಲಿನಕ್ಸ್ ಬಗೆಯ ಉಬುಂಟು 24.04 ಹಾಕಿಬಿಟ್ಟೆ. ಅದು ಎಲ್‌ಟಿಎಸ್, ಅಂದರೆ ದೀರ್ಘಕಾಲ ಬೆಂಬಲ ಇರುವ ಆವೃತ್ತಿ, 2029ರವರೆಗೆ ಅಪ್‌ಡೇಟ್ ಬರುತ್ತದೆ.

ಹಾಕುವ ಕೆಲಸ ಎರಡು ದಿನದಲ್ಲಿ ಮುಗಿಯಿತು. ಅಪ್‌ಡೇಟ್ ನಿಭಾಯಿಸುವುದನ್ನು ಕಲಿಯಲು ಮಾತ್ರ ನಾಲ್ಕು ತಿಂಗಳು ಹಿಡಿಯಿತು.

ನಮ್ಮಲ್ಲಿ ಇಂಟರ್ನೆಟ್ ಅಂದರೆ ಸಿಮ್ ಹಾಕುವ ಒಂದು ರೂಟರ್, ದಿನಕ್ಕೆ 2 ಜಿಬಿ. ಕ್ಲಾಸ್ ಶುರುವಾದ ಮೊದಲ ಸೋಮವಾರ ಹತ್ತೂ ಕಂಪ್ಯೂಟರ್ ಒಟ್ಟಿಗೆ ಆನ್ ಮಾಡಿದೆ. ರಜೆಯಲ್ಲಿ ಆಫ್ ಇದ್ದವು ತಾನೇ, ಬಾಕಿ ಉಳಿದ ಅಪ್‌ಡೇಟ್‌ಗಳನ್ನೆಲ್ಲ ಒಂದೇ ಸಲ ಇಳಿಸಿಕೊಳ್ಳಲು ಶುರು ಮಾಡಿದವು. ಲಿನಕ್ಸ್-ಫರ್ಮ್‌ವೇರ್ ಅನ್ನುವ ಒಂದೇ ಪ್ಯಾಕೇಜ್ ನೂರಾರು ಎಂಬಿ ಇರುತ್ತದೆ, ಅದನ್ನು ಹತ್ತು ಸಲ ಇಳಿಸಿದರೆ ಉಳಿಯುವುದೇನು? ಹನ್ನೊಂದು ಗಂಟೆಗೆ ಡೇಟಾ ಖಾಲಿ. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಒಬ್ಬಳು ಹುಡುಗಿ ಎರಡು ಬಸ್ ಹಿಡಿದು ಬಂದಿದ್ದಳು, ಅವಳನ್ನು ಹಾಗೇ ವಾಪಸ್ ಕಳಿಸಬೇಕಾಯಿತು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೇಳಿದವರೆಲ್ಲ ಒಂದೇ ಮಾತು ಹೇಳಿದರು, "ಅಪ್‌ಡೇಟ್ ಆಫ್ ಮಾಡಿಬಿಡಿ ಮೇಡಂ, ಸುಮ್ನೆ ತಲೆನೋವು." ನನಗೆ ಅದು ಒಪ್ಪಿಗೆಯಾಗಲಿಲ್ಲ. 2017ರ ಮೇ 12ರಂದು ಫೈಲ್‌ಗಳನ್ನು ಲಾಕ್ ಮಾಡಿ ಹಣ ಕೇಳುವ ವನ್ನಾಕ್ರೈ ಅನ್ನುವ ಕುತಂತ್ರಾಂಶ ಹರಡಿದಾಗ ಬ್ರಿಟನ್‌ನ ಆಸ್ಪತ್ರೆಗಳಲ್ಲೂ ಕಂಪ್ಯೂಟರ್‌ಗಳು ಲಾಕ್ ಆಗಿ ರೋಗಿಗಳನ್ನು ಬೇರೆ ಕಡೆ ಕಳಿಸಬೇಕಾಗಿ ಬಂತು. ಅದು ಒಳಗೆ ನುಗ್ಗಿದ ತೂತನ್ನು ಮುಚ್ಚುವ ಪ್ಯಾಚ್ ಮಾರ್ಚ್ 14ಕ್ಕೇ ಬಂದಿತ್ತು. ಸುಮಾರು ಎರಡು ತಿಂಗಳು ಕೈಯಲ್ಲಿದ್ದರೂ ಎಷ್ಟೋ ಕಡೆ ಅದನ್ನು ಹಾಕಿರಲಿಲ್ಲ. ನಮ್ಮಲ್ಲಿ ಮಕ್ಕಳು ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಎಲ್ಲ ತೆರೆಯುತ್ತಾರೆ. ಆಫ್ ಮಾಡುವ ಮಾತೇ ಇಲ್ಲ.

ಕೊನೆಗೆ ಕೈಹಿಡಿದದ್ದು ಆಪ್ಟ್-ಕ್ಯಾಷರ್-ಎನ್‌ಜಿ. ಉಬುಂಟುವಿನಲ್ಲಿ ಪ್ಯಾಕೇಜ್ ಇಳಿಸಿ ಹಾಕುವ ಕಮಾಂಡ್ ಆಪ್ಟ್, ಅದಕ್ಕೆ ಜೊತೆಯಾಗುವ ತಂತ್ರಾಂಶ ಇದು. ಇದನ್ನು ಒಂದು ಕಂಪ್ಯೂಟರ್‌ನಲ್ಲಿ ಹಾಕಿದರೆ ಸಾಕು, ಇಳಿಸಿದ ಪ್ರತಿ ಪ್ಯಾಕೇಜಿನ ಒಂದು ಪ್ರತಿ ಅಲ್ಲೇ ಉಳಿಯುತ್ತದೆ. ಉಳಿದ ಒಂಬತ್ತು ಕಂಪ್ಯೂಟರ್ ಇಂಟರ್ನೆಟ್‌ಗೆ ಹೋಗದೆ ಅದರಿಂದಲೇ ತೆಗೆದುಕೊಳ್ಳುತ್ತವೆ. ಅದನ್ನು ನನ್ನ ಮೇಜಿನ ಮೇಲಿರುವ ಒಂದನೇ ನಂಬರಿಗೆ ಹಾಕಿ, ರೂಟರ್‌ನಲ್ಲಿ ಅದಕ್ಕೆ ಬದಲಾಗದ ಐಪಿ ವಿಳಾಸ ಕೊಟ್ಟೆ. ಉಳಿದವುಗಳಲ್ಲಿ ಆಪ್ಟ್‌ನ ಕಾನ್ಫಿಗ್ ಫೋಲ್ಡರ್‌ನಲ್ಲಿ ಒಂದೇ ಸಾಲಿನ ಫೈಲ್ ಬರೆದೆ, ಪ್ರಾಕ್ಸಿ, ಅಂದರೆ ನಡುವೆ ನಿಂತು ತಂದುಕೊಡುವ ಕಂಪ್ಯೂಟರ್, ಒಂದನೇ ನಂಬರಿನ ವಿಳಾಸ, ಪೋರ್ಟ್ 3142. ಅಷ್ಟೇ. ನಡುವೆ ಇನ್ನೊಂದು ಕಂಪ್ಯೂಟರ್ ಇದ್ದರೆ ಯಾರಾದರೂ ಕಳ್ಳ ಫೈಲ್ ಸೇರಿಸಬಹುದಲ್ವಾ ಅಂತ ಭಯವಿತ್ತು, ಆದರೆ ಆಪ್ಟ್ ಉಬುಂಟುವಿನ ಡಿಜಿಟಲ್ ಸಹಿಯನ್ನು ಪ್ರತಿ ಕಂಪ್ಯೂಟರ್‌ನಲ್ಲೂ ತಾನೇ ಪರೀಕ್ಷಿಸುತ್ತದೆ, ಹೊಂದದಿದ್ದರೆ ಹಾಕುವುದೇ ಇಲ್ಲ. ನೆನಪಿಡಬೇಕಾದ್ದು ಒಂದೇ, ಬೆಳಿಗ್ಗೆ ಒಂದನೇ ನಂಬರನ್ನು ಮೊದಲು ಆನ್ ಮಾಡಬೇಕು. ಅದು ಆಫ್ ಇದ್ದರೆ ಉಳಿದವಕ್ಕೆ ಅಪ್‌ಡೇಟ್ ಸಿಗುವುದಿಲ್ಲ.

ಭದ್ರತೆಯ ಅಪ್‌ಡೇಟ್‌ಗಳನ್ನು ತಂತಾನೆ ಹಾಕುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಉಬುಂಟುವಿನಲ್ಲಿ ಮೊದಲೇ ಇರುತ್ತದೆ. ಅದನ್ನು ಹತ್ತರಲ್ಲೂ ಹಾಗೇ ಬಿಟ್ಟಿದ್ದೇನೆ. ಮಿಕ್ಕ ಅಪ್‌ಡೇಟ್‌ಗಳಿಗೆ ಶನಿವಾರ ಮಧ್ಯಾಹ್ನ, ಮಕ್ಕಳು ಹೋದ ಮೇಲೆ, ನಾನೇ ಕೂರುತ್ತೇನೆ. ಹೊಸದು ಬಂದ ಗಳಿಗೆಯಲ್ಲೇ ಎಲ್ಲ ಕಡೆ ಹಾಕುವುದೂ ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯ್ಂಡ್ ಅನ್ನುವ ಎಂಜಿನಿಯರ್, ದೂರದ ಕಂಪ್ಯೂಟರಿಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ಜಾಸ್ತಿ ತೆಗೆದುಕೊಳ್ಳುತ್ತಿದೆ ಅಂತ ಗಮನಿಸಿ, ಹುಡುಕುತ್ತಾ ಹೋಗಿ, ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಲೈಬ್ರರಿಯ 5.6.0 ಮತ್ತು 5.6.1ರಲ್ಲಿ ಯಾರೋ ಬೇಕಂತಲೇ ಇಟ್ಟ ಹಿಂಬಾಗಿಲನ್ನು ಬಯಲು ಮಾಡಿದರು. ಆ ಆವೃತ್ತಿಗಳು ಮುಖ್ಯವಾಗಿ ಪರೀಕ್ಷೆಯ ಹಂತದ ಲಿನಕ್ಸ್‌ಗಳಿಗೆ ಹೋಗಿದ್ದವು. ಆಗಿನ್ನೂ ತಯಾರಾಗುತ್ತಿದ್ದ 24.04ರ ಬೀಟಾವನ್ನು ಇದೇ ಕಾರಣಕ್ಕೆ ಒಂದು ವಾರ ಮುಂದೆ ಹಾಕಿದರು.

ಶನಿವಾರದ ಕೆಲಸ ಒಂದನೇ ನಂಬರಿನಿಂದ ಶುರು. ಮೊದಲು ಆಪ್ಟ್ ಅಪ್‌ಡೇಟ್. ಹೆಸರು ಹಾಗಿದ್ದರೂ ಇದು ಏನನ್ನೂ ಹಾಕುವುದಿಲ್ಲ, ಏನೇನು ಬಂದಿದೆ ಅನ್ನುವ ಪಟ್ಟಿಯನ್ನು ಮಾತ್ರ ತರುತ್ತದೆ. ಮಕ್ಕಳು ಇಲ್ಲಿ ಎಡವುತ್ತಾರೆ, ಅಪ್‌ಡೇಟ್ ಅಂತ ಹೊಡೆದು ಎದ್ದು ಹೋಗುತ್ತಾರೆ. ಆಮೇಲೆ ಆಪ್ಟ್ ಲಿಸ್ಟ್ --ಅಪ್‌ಗ್ರೇಡಬಲ್ ಹೊಡೆದು ಪಟ್ಟಿ ಓದುತ್ತೇನೆ. ನೋಬಲ್ ಅಂದರೆ 24.04ರ ಅಡ್ಡಹೆಸರು; ಪ್ಯಾಕೇಜಿನ ಪಕ್ಕ ನೋಬಲ್-ಸೆಕ್ಯುರಿಟಿ ಅಂತ ಇದ್ದರೆ ಭದ್ರತೆಯದು, ನೋಬಲ್-ಅಪ್‌ಡೇಟ್ಸ್ ಅಂತ ಮಾತ್ರ ಇದ್ದರೆ ಸಾಮಾನ್ಯ ತಿದ್ದುಪಡಿ. ಯಾಕೆ ಬಂತು ಅಂತ ತಿಳಿಯಬೇಕಾದರೆ ಆಪ್ಟ್ ಚೇಂಜ್‌ಲಾಗ್. ಸಿಸ್ಟಮ್ಮಿನ ತಿರುಳಾದ ಕರ್ನಲ್, ಪ್ರಿಂಟರ್ ನಡೆಸುವ ಕಪ್ಸ್, ಲಿಬ್ರೆ ಆಫೀಸ್ ಇದ್ದರೆ ಓದದೆ ಮುಂದೆ ಹೋಗುವುದಿಲ್ಲ.

ಹಾಕಿ, ರೀಸ್ಟಾರ್ಟ್ ಮಾಡಿ, ಲಿಬ್ರೆ ಆಫೀಸ್ ತೆರೆದು ಕನ್ನಡದಲ್ಲಿ ಒಂದು ಪುಟ ಟೈಪ್ ಮಾಡುತ್ತೇನೆ. ಬೇರೆ ಬೇರೆ ಭಾಷೆ ಟೈಪ್ ಮಾಡಲು ಇರುವ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಇದೆ, ನುಡಿಯಲ್ಲಿ ಕಲಿತವರಿಗೆ ಬೆರಳು ಬದಲಿಸಬೇಕಿಲ್ಲ. ಸ್ವಾತಂತ್ರ್ಯ, ರಾಷ್ಟ್ರ, ಕರ್ತೃ, ಜೊತೆಗೆ ಅರ್ಕಾವತ್ತು ಇರುವ ಇನ್ನೂ ನಾಲ್ಕು ಪದ, ಆಮೇಲೆ ಪ್ರಿಂಟ್. ಒತ್ತಕ್ಷರ ಪರದೆಯ ಮೇಲೂ ಕಾಗದದ ಮೇಲೂ ಸರಿಯಾಗಿ ಕೂತರೆ ಆ ವಾರದ ಅಪ್‌ಡೇಟ್ ಪಾಸು.

ಈ ಪರೀಕ್ಷೆ ಒಂದು ಸಲ ನನ್ನನ್ನು ಉಳಿಸಿತು. ಹೊಸ ಕರ್ನಲ್ ಬಂದ ಮೇಲೆ ಒಂದನೇ ನಂಬರಿನ ವೈಫೈ ಡಾಂಗಲ್ ಸತ್ತೇ ಹೋಯಿತು. ಹತ್ತರಲ್ಲೂ ಅದೇ ಡಾಂಗಲ್. ಅದರ ಡ್ರೈವರನ್ನು ನಾನು ಮೊದಲಿಗೆ ಕೈಯಿಂದ ಕಂಪೈಲ್ ಮಾಡಿ ಹಾಕಿದ್ದೆ, ಅಂಥದ್ದು ಆ ಕರ್ನಲ್‌ಗೆ ಮಾತ್ರ ಹೊಂದುತ್ತದೆ, ಕರ್ನಲ್ ಬದಲಾದರೆ ಮತ್ತೆ ಕಟ್ಟಬೇಕು. ಆನ್ ಆಗುವಾಗ ಗ್ರಬ್ ಅನ್ನುವ ಆರಂಭದ ಮೆನುವಿನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ ಹಳೆಯ ಕರ್ನಲ್ ಆರಿಸಿದೆ, ವೈಫೈ ಬಂತು. ಹಳೆಯ ಕರ್ನಲ್ ಒಂದನ್ನು ಉಬುಂಟು ತಾನೇ ಉಳಿಸಿಕೊಂಡಿರುತ್ತದೆ, ಜಾಗ ಬೇಕು ಅಂತ ಅದನ್ನು ಕೈಯಾರೆ ಅಳಿಸಬೇಡಿ. ಡ್ರೈವರನ್ನು ಡಿಕೆಎಂಎಸ್ ಮೂಲಕ ಹಾಕಿದೆ, ಈಗ ಪ್ರತಿ ಹೊಸ ಕರ್ನಲ್ ಬಂದಾಗ ತಂತಾನೆ ಮತ್ತೆ ಕಟ್ಟಿಕೊಳ್ಳುತ್ತದೆ. ಉಳಿದ ಒಂಬತ್ತರಲ್ಲೂ ಹಾಗೇ ಮಾಡಿ, ಆಮೇಲೆ ಕರ್ನಲ್ ಬದಲಿಸಿದೆ.

"ಮೇಡಂ, ನಂದಕ್ಕೆ ಬಂತು, ಅವನದಕ್ಕೆ ಯಾಕೆ ಬರಲಿಲ್ಲ?" ಅಂತ ಒಬ್ಬ ಹುಡುಗ ಕೇಳಿದ. ಎರಡೂ ಒಂದೇ ಥರದ ಕಂಪ್ಯೂಟರ್. ಒಂದರಲ್ಲಿ ಫೇಸಿಂಗ್ ಕಾರಣಕ್ಕೆ ಮುಂದೂಡಲಾಗಿದೆ ಅಂತ ಬರುತ್ತಿತ್ತು. ಉಬುಂಟು ಸಾಮಾನ್ಯ ಅಪ್‌ಡೇಟ್‌ಗಳನ್ನು ಮೊದಲು ಸ್ವಲ್ಪ ಕಂಪ್ಯೂಟರ್‌ಗಳಿಗೆ ಕೊಟ್ಟು, ತೊಂದರೆಯ ವರದಿ ಬರದಿದ್ದರೆ ಕೆಲವು ದಿನಗಳಲ್ಲಿ ಎಲ್ಲರಿಗೂ ಬಿಡುತ್ತದೆ. ಭದ್ರತೆಯವಕ್ಕೆ ಈ ಕಾಯುವಿಕೆ ಇಲ್ಲ. ಬಲವಂತ ಮಾಡಬೇಕಿಲ್ಲ, ಬಿಟ್ಟುಬಿಡಿ.

ಫೈರ್‌ಫಾಕ್ಸ್ ಕಥೆಯೇ ಬೇರೆ. ಅದು ಸ್ನ್ಯಾಪ್ ಅನ್ನುವ ಬೇರೆ ಬಗೆಯ ಪ್ಯಾಕೇಜ್, ಆಪ್ಟ್‌ಗೆ ಸಿಗುವುದಿಲ್ಲ, ನನ್ನ ಕ್ಯಾಷರ್‌ಗೂ ಸಿಗುವುದಿಲ್ಲ. ಸ್ನ್ಯಾಪ್ ದಿನಕ್ಕೆ ನಾಲ್ಕು ಸಲ ತಾನೇ ಹುಡುಕುತ್ತದೆ. ರಿಫ್ರೆಶ್ ಟೈಮರನ್ನು ಸಂಜೆ ಐದರ ನಂತರಕ್ಕೆ ಇಟ್ಟೆ, ಒಂದೊಂದು ದಿನ ಎರಡೆರಡು ಕಂಪ್ಯೂಟರ್‌ಗಳನ್ನು ಮಾತ್ರ ಆ ಹೊತ್ತಿಗೆ ಆನ್ ಬಿಡುತ್ತೇನೆ. ಇದಕ್ಕಿಂತ ಒಳ್ಳೆಯ ದಾರಿ ನನಗಿನ್ನೂ ಸಿಕ್ಕಿಲ್ಲ.

ಇನ್ನು ಮಳೆಗಾಲದ ಕರೆಂಟು. ಜುಲೈನಲ್ಲಿ ಅಪ್‌ಗ್ರೇಡ್ ಅರ್ಧದಲ್ಲಿದ್ದಾಗ ಕರೆಂಟ್ ಹೋಗಿ ಏಳನೇ ನಂಬರ್ ನಿಂತಿತು. ಮತ್ತೆ ಆನ್ ಮಾಡಿದರೆ ಪ್ಯಾಕೇಜ್ ಹಾಕುವ ಡಿಪಿಕೆಜಿ ನಡುವೆ ನಿಂತಿದೆ ಅಂತ ಸಂದೇಶ. ಗಾಬರಿ ಬೇಡ, ಆ ಸಂದೇಶದಲ್ಲೇ ಮದ್ದು ಇರುತ್ತದೆ. ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ ಹೊಡೆದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ, ನನ್ನದು ಹತ್ತು ನಿಮಿಷದಲ್ಲಿ ಸರಿಹೋಯಿತು. ಆದರೆ ಲಾಕ್ ಸಿಗುತ್ತಿಲ್ಲ ಅನ್ನುವ ಸಂದೇಶ ಬೇರೆ. ಹಿನ್ನೆಲೆಯಲ್ಲಿ ಭದ್ರತೆಯ ಅಪ್‌ಡೇಟ್ ನಡೆಯುತ್ತಿದೆ ಅಂತ ಸಾಮಾನ್ಯವಾಗಿ ಅದರ ಅರ್ಥ, ಸ್ವಲ್ಪ ಕಾಯಬೇಕು. ಲಾಕ್ ಫೈಲ್ ಅಳಿಸಿಬಿಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ, ಒಂದೇ ಹೊತ್ತಿಗೆ ಇಬ್ಬರು ಪ್ಯಾಕೇಜ್ ಹಾಕಿದರೆ ಎಲ್ಲ ಕಲಸಿಹೋಗುತ್ತದೆ.

ಈಗ ಒಂದನೇ ನಂಬರಿಗೆ ಯುಪಿಎಸ್ ಇದೆ. ಉಳಿದವಕ್ಕೆ ಇಲ್ಲ, ಹಾಗಾಗಿ ಮೋಡ ಕಟ್ಟಿದ ಶನಿವಾರ ಅವುಗಳನ್ನು ಮುಟ್ಟುವುದಿಲ್ಲ. ಮಾಡಿದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ: ತಾರೀಖು, ಕಂಪ್ಯೂಟರ್ ನಂಬರ್, ಕರ್ನಲ್, ರೀಸ್ಟಾರ್ಟ್ ಆಯಿತೋ ಇಲ್ಲವೋ. ಕರ್ನಲ್ ಹಾಕಿದರೆ ಸಾಲದು, ರೀಸ್ಟಾರ್ಟ್ ಆಗುವವರೆಗೆ ಹಳೆಯದೇ ಓಡುತ್ತಿರುತ್ತದೆ. ಕಳೆದ ಶನಿವಾರ ಒಂಬತ್ತು ಕಂಪ್ಯೂಟರ್‌ಗಳ ಮುಂದೆ ಟಿಕ್ ಬಿತ್ತು. ನಾಲ್ಕನೇ ನಂಬರಿನಲ್ಲಿ ಒಬ್ಬ ಹುಡುಗ ಪ್ರಾಜೆಕ್ಟ್ ಬರೆಯುತ್ತಾ ಕೂತಿದ್ದ, ಅದನ್ನು ಸೋಮವಾರ ಬೆಳಿಗ್ಗೆ ಮಾಡುತ್ತೇನೆ.