ಕೆಂಪುಕಲ್ಲಿನ ಗೋಡೆಯನ್ನು ಕಂಪ್ಯೂಟರಿನಲ್ಲಿ ಬೀಳಿಸುವುದು

ಕಾಸರಗೋಡಿನ ಹಂಚಿನ ಮನೆಯ ಕೆಂಪುಕಲ್ಲಿನ (ಲ್ಯಾಟರೈಟ್) ಗೋಡೆ ಪಕ್ಕದಿಂದ ತಳ್ಳಿದರೆ ಹೇಗೆ ಸೋಲುತ್ತದೆಂದು ಕಂಪ್ಯೂಟರಿನಲ್ಲಿ ಮಾಡೆಲ್ ಮಾಡುವವರು ಸುಟ್ಟ ಇಟ್ಟಿಗೆಯ ಲೆಕ್ಕವನ್ನು ಮೊದಲು ಬದಿಗಿಡಬೇಕು. ಆ ಲೆಕ್ಕದಲ್ಲಿ ಇಟ್ಟಿಗೆ ಗಟ್ಟಿ, ಗಾರೆ ಮೆದು. ನಮ್ಮ ಕೆಂಪುಕಲ್ಲಿಗೆ 1:6 ಸಿಮೆಂಟ್ ಗಾರೆ ಹಾಕಿದರೆ ಹಲವು ಸಲ ಗಾರೆಯೇ ಕಲ್ಲಿಗಿಂತ ಬಿಗಿಯಾಗಿರುತ್ತದೆ, ಅಂದರೆ ಒತ್ತಿದಾಗ ಕಡಿಮೆ ಕುಗ್ಗುತ್ತದೆ. ಸಂದಿನ ಬಿಗಿತ ಕಂಡುಹಿಡಿಯುವ ರೂಢಿಯ ಸೂತ್ರದ ಛೇದದಲ್ಲಿ ಕಲ್ಲಿನ ಮತ್ತು ಗಾರೆಯ ಸ್ಥಿತಿಸ್ಥಾಪಕ ಗುಣಾಂಕಗಳ ವ್ಯತ್ಯಾಸವಿದೆ. ಇಲ್ಲಿ ಅದು ಋಣಸಂಖ್ಯೆಯಾಗಿ ಬರುತ್ತದೆ, ಸೂತ್ರಕ್ಕೆ ಅರ್ಥವೇ ಉಳಿಯುವುದಿಲ್ಲ.

ಹಾಗಾಗಿ ನಾನು ಕಲ್ಲು, ಗಾರೆ ಎರಡರ ಕುಗ್ಗುವ ಗುಣವನ್ನೂ ಮಾಡೆಲಿನ ಕಲ್ಲಿಗೇ ಸೇರಿಸುತ್ತೇನೆ. ಭೂಕಂಪ ನಿರೋಧಕ ಕಟ್ಟಡಗಳ ಭಾರತೀಯ ಮಾನದಂಡ ಐಎಸ್ 1893 (2016) ಕೊಡುವ ಸೂತ್ರದಂತೆ 3.5 ಎಂಪಿಎ (ಮೆಗಾಪಾಸ್ಕಲ್, ಚದರ ಮಿ.ಮೀ.ಗೆ ಒಂದು ನ್ಯೂಟನ್) ಬಲದ ಕಲ್ಲು, 3 ಎಂಪಿಎ ಗಾರೆ ಇದ್ದರೆ ಗೋಡೆಯ ಬಲ ಸುಮಾರು 1.4 ಎಂಪಿಎ. ಅದರ 550 ಪಟ್ಟು, ಅಂದರೆ 790 ಎಂಪಿಎ ಆಸುಪಾಸು, ಗುಣಾಂಕ. ಇದು ಆರಂಭದ ಅಂದಾಜು ಮಾತ್ರ. ಕೋರೆಯಿಂದ ಕೋರೆಗೆ ಕಲ್ಲು ಬದಲಾಗುತ್ತದೆ. ನಾಲ್ಕೈದು ಕಲ್ಲು ಒಂದರ ಮೇಲೊಂದು ಕಟ್ಟಿಸಿ ಒತ್ತಿ ನೋಡಿದ ಅಂಕಿಯೇ ನಂಬಿಕೆಗೆ ಅರ್ಹ. ಕಲ್ಲನ್ನು 24 ಗಂಟೆ ನೀರಿನಲ್ಲಿಟ್ಟೂ ಒತ್ತಬೇಕು. ನೆನೆದ ಕಲ್ಲಿನ ಬಲ ಕುಸಿಯುತ್ತದೆ, ನಮ್ಮ ಮಳೆಗಾಲಕ್ಕೆ ಬೇಕಾದದ್ದು ಆ ಅಂಕಿಯೇ.

ಮುಖ 390×190 ಮಿ.ಮೀ. ಇರುವ ಕಲ್ಲು, 10 ಮಿ.ಮೀ. ಸಂದು. ಮಾಡೆಲಿನಲ್ಲಿ ಕಲ್ಲನ್ನು 400×200ಕ್ಕೆ ಹಿಗ್ಗಿಸಿ, ನಡುವೆ ದಪ್ಪವೇ ಇಲ್ಲದ ಇಂಟರ್‌ಫೇಸ್ (ಸಂದಿನ ಬದಲಿಗೆ ನಿಲ್ಲುವ, ಬಿರಿಯಬಲ್ಲ, ಜಾರಬಲ್ಲ ಪದರ) ಇಡುತ್ತೇನೆ. ಅದರ ಬಿಗಿತ, ಗುಣಾಂಕವನ್ನು ಕಲ್ಲಿನ ಎತ್ತರದಿಂದ ಭಾಗಿಸಿದ್ದರ ನೂರು ಪಟ್ಟು: ಪ್ರತಿ ಘನ ಮಿ.ಮೀ.ಗೆ ಸುಮಾರು 400 ನ್ಯೂಟನ್. ಇನ್ನೂ ಏರಿಸಿದರೆ ಸಂದಿನ ಒತ್ತಡ ಕಲ್ಲಿನಿಂದ ಕಲ್ಲಿಗೆ ಮೇಲೆ ಕೆಳಗೆ ಕುಣಿಯತೊಡಗುತ್ತದೆ. ಡೈಲೇಟನ್ಸಿ, ಅಂದರೆ ಜಾರುವಾಗ ಸಂದು ಅಗಲವಾಗುವ ಗುಣ, ಸೊನ್ನೆಯೇ ಇರಲಿ.

ನಿಂತ ಸಂದುಗಳನ್ನು ಅಡ್ಡ ಸಂದಿನಂತೆ ಕಾಣಬಾರದು. ಮೇಸ್ತ್ರಿ ಅಡ್ಡ ಸಾಲಿಗೆ ಗಾರೆ ಹರಡಿ ಕಲ್ಲು ಕೂರಿಸುತ್ತಾನೆ. ನಿಂತ ಸಂದಿಗೆ ಮೇಲಿನಿಂದ ತುಂಬಿದ್ದು ಒಳಗೆ ಪೂರ್ತಿ ಇಳಿದಿರುವುದಿಲ್ಲ. ಅಲ್ಲಿ ಎಳೆತದ ಬಲವನ್ನೂ ಅಂಟನ್ನೂ ಸೊನ್ನೆ ಮಾಡಿ ಘರ್ಷಣೆಯನ್ನಷ್ಟೇ ಬಿಡುತ್ತೇನೆ. ಬಿರುಕು ಮೆಟ್ಟಿಲಿನಂತೆ ಹತ್ತುವುದು ಆಗಲೇ.

ಸ್ವಂತ ಗೋಡೆಗೆ ಮುನ್ನ ನೆದರ್‌ಲ್ಯಾಂಡ್ಸ್‌ನಲ್ಲಿ ಪರೀಕ್ಷಿಸಿದ 990×1000 ಮಿ.ಮೀ. ಇಟ್ಟಿಗೆ ಗೋಡೆಯನ್ನು ಮಾಡೆಲಿನಲ್ಲಿ ಓಡಿಸಿ ನೋಡಿ. 0.30 ಎಂಪಿಎ ಮೇಲೊತ್ತಡಕ್ಕೆ ಅದು ಸುಮಾರು 50 ಕಿಲೋನ್ಯೂಟನ್ ಪಕ್ಕದ ತಳ್ಳು ತಾಳಿತ್ತು. ನಿಮ್ಮ ಲೆಕ್ಕ ಅದಕ್ಕೆ ಹೊಂದದಿದ್ದರೆ ಮುಂದೆ ಹೋಗುವುದು ವ್ಯರ್ಥ.

ಮೊದಲ ಹೆಜ್ಜೆಯಲ್ಲಿ ಸ್ವಂತ ತೂಕ, ಎರಡನೆಯದರಲ್ಲಿ ಹಂಚು ಪಕ್ಕಾಸಿನ ಭಾರ, ಆಮೇಲೆ ಪಕ್ಕದ ತಳ್ಳು. ತಳ್ಳನ್ನು ಇಷ್ಟು ಕಿಲೋನ್ಯೂಟನ್ ಎಂದು ಕೊಡದೆ, ಹಂತಕ್ಕೆ 0.1 ಮಿ.ಮೀ.ನಂತೆ ಗೋಡೆಯ ತಲೆಯನ್ನು ಸರಿಸಿ. ಕಿಲೋನ್ಯೂಟನ್‌ನಲ್ಲಿ ಕೊಟ್ಟರೆ ಗೋಡೆ ಸೋಲತೊಡಗಿದಲ್ಲೇ ಲೆಕ್ಕ ನಿಲ್ಲುತ್ತದೆ, ಆಮೇಲಿನ ನಡೆ ಕಾಣುವುದೇ ಇಲ್ಲ.

ಕೈಲೆಕ್ಕ ಬಿಡಬಾರದು. 3 ಮೀ. ಉದ್ದ, 3 ಮೀ. ಎತ್ತರ, 20 ಸೆಂ.ಮೀ. ದಪ್ಪದ ಗೋಡೆ ಘನ ಮೀಟರಿಗೆ 20 ಕಿಲೋನ್ಯೂಟನ್‌ನಂತೆ 36 ತೂಗುತ್ತದೆ. ಮಾಡು 9 ಸೇರಿ 45. ಬುಡದ ಒತ್ತಡ ಬರೀ 0.075 ಎಂಪಿಎ, ಕಲ್ಲು ನುಚ್ಚಾಗುವ ಮಾತೇ ಇಲ್ಲಿಲ್ಲ. ತಲೆ ತಿರುಗಲು ಬಿಟ್ಟ ಗೋಡೆ ತುದಿಯ ಮೇಲೆ ವಾಲುತ್ತದೆ: 45×1.5÷3, ಅಂದರೆ 22.5 ಕಿಲೋನ್ಯೂಟನ್. ಬುಡದ ಸಂದು ಬಿಟ್ಟ ಮೇಲೆ, ಸರಿತಕ್ಕೆ ತಳ್ಳು ಎಷ್ಟೆಂದು ತೋರಿಸುವ ರೇಖೆ ಇದರ ಹತ್ತಿರ ಚಪ್ಪಟೆಯಾಗಬೇಕು. ಏರುತ್ತಲೇ ಇದ್ದರೆ ಗೋಡೆಯ ತಲೆ ತಿರುಗದಂತೆ ಬಿಗಿದಿದ್ದೀರಿ, ಇಲ್ಲವೇ ಡೈಲೇಟನ್ಸಿ ಎಲ್ಲೋ ಉಳಿದಿದೆ.