ದವಡೆಯ ಸ್ನಾಯುಗಳನ್ನು ಬೆರಳಲ್ಲೇ ಹುಡುಕುವುದು ಹೇಗೆ?

ಉಡುಪಿ ಕಡೆ ಮಳೆಗಾಲದಲ್ಲಿ ಸಾಂತಾಣಿ ಜಗಿದವರಿಗೆ ಇದು ಗೊತ್ತು. ಉಪ್ಪುನೀರಲ್ಲಿ ಬೇಯಿಸಿ ಒಣಗಿಸಿದ ಹಲಸಿನ ಬೀಜ ಗಟ್ಟಿ. ಜಗಿಯುವುದು ಹಲ್ಲು, ನೋಯುವುದು ಮಾತ್ರ ಕೆನ್ನೆ ಮತ್ತು ಹಣೆಯ ಪಕ್ಕ. ಯಾಕೆಂದು ತಿಳಿಯಲು ಕನ್ನಡಿ ಮತ್ತು ನಿಮ್ಮ ಬೆರಳು ಸಾಕು.

ಮೊದಲು ಮೂಳೆ. ಗಲ್ಲದಿಂದ (ಅಂದರೆ ಗದ್ದದಿಂದ) ಶುರು ಮಾಡಿ, ಕೆಳದವಡೆಯ ಅಂಚಿನಲ್ಲೇ ಬೆರಳನ್ನು ಹಿಂದಕ್ಕೆ ಜಾರಿಸಿ. ಕಿವಿಯ ಕೆಳಗೆ ಮೂಳೆ ಮೇಲಕ್ಕೆ ತಿರುಗುತ್ತದೆ. ಅದೇ ದವಡೆಯ ಮೂಲೆ. ಅಲ್ಲಿಂದ ಚಪ್ಪಟೆಯಾಗಿ ಮೇಲೇರಿ ತುದಿಯಲ್ಲಿ ಎರಡಾಗಿ ಒಡೆಯುತ್ತದೆ: ಮುಂದಿನದು ಚೂಪು, ಹಿಂದಿನದು ಗುಂಡಗೆ. ಹುಟ್ಟುವಾಗ ಕೆಳದವಡೆ ಎರಡು ತುಂಡು. ಮೊದಲ ವರ್ಷದಲ್ಲೇ ಗಲ್ಲದ ಹತ್ತಿರ ಕೂಡಿಕೊಳ್ಳುತ್ತದೆ.

ಈಗ ಮೂಲೆಯ ಸ್ವಲ್ಪ ಮೇಲೆ ಬೆರಳಿಟ್ಟು ಹಲ್ಲು ಕಚ್ಚಿ. ಟಕ್ಕನೆ ಉಬ್ಬಿತು, ಅಲ್ವಾ? ಅದು ಮ್ಯಾಸೆಟರ್ ಎಂಬ ಸ್ನಾಯು. ಕೆನ್ನೆಮೂಳೆಯಿಂದ ಇಳಿದು ದವಡೆಯ ಹೊರಮೈಗೆ, ಮೂಲೆಯವರೆಗೂ ಅಂಟಿಕೊಂಡಿದೆ.

ಬೆರಳನ್ನು ಹಣೆಯ ಪಕ್ಕಕ್ಕೆ ತನ್ನಿ. ಮತ್ತೆ ಕಚ್ಚಿ. ಅಲ್ಲೂ ಅಲುಗಾಟ! ಇದು ಟೆಂಪೊರಾಲಿಸ್. ತಲೆಯ ಬದಿಯಲ್ಲಿ ಅಗಲವಾಗಿ ಹರಡಿ, ಕೆಳಗೆ ಬರುತ್ತಾ ಕಿರಿದಾಗಿ, ಕೆನ್ನೆಮೂಳೆಯ ಕಮಾನಿನೊಳಗೆ ನುಸುಳಿ ಆ ಚೂಪು ತುದಿಯನ್ನು ಹಿಡಿದಿದೆ. ರಾತ್ರಿ ಹಲ್ಲು ಕಡಿಯುವವರಿಗೆ ಬೆಳಿಗ್ಗೆ ತಲೆನೋವು ಬರಲು ಇದೂ ಒಂದು ಕಾರಣ.

ಮೂರನೆಯದು, ಒಳ ಟೆರಿಗಾಯ್ಡ್, ಹೊರಗಿನಿಂದ ಸರಿಯಾಗಿ ಸಿಗುವುದಿಲ್ಲ. ಅದೇ ಮೂಲೆಯ ಒಳಮೈಗೆ ಅಂಟಿದೆ. ಹೊರಗೆ ಮ್ಯಾಸೆಟರ್, ಒಳಗೆ ಇದು. ಎರಡೂ ಸೇರಿ ದವಡೆಯ ಮೂಲೆಯನ್ನು ಜೋಲಿಯ ಹಾಗೆ ಎತ್ತಿ ಹಿಡಿಯುತ್ತವೆ.

ಈ ಮೂರೂ ಬಾಯಿ ಮುಚ್ಚಲು. ತೆರೆಯಲು? ನನಗೆ ಎಲ್ಲಕ್ಕಿಂತ ಇಷ್ಟದ ಭಾಗ ಇದೇ. ಕಿವಿಯ ಎದುರಿಗೇ ಬೆರಳಿಟ್ಟು ನಿಧಾನ ಬಾಯಿ ತೆರೆಯಿರಿ. ಮೊದಲು ಗುಂಡು ತುದಿ ಇದ್ದಲ್ಲೇ ತಿರುಗುತ್ತದೆ. ಇನ್ನೂ ತೆರೆದರೆ ಮುಂದಕ್ಕೆ ಜಾರುತ್ತದೆ, ಬೆರಳ ಕೆಳಗೆ ಗುಳಿ ಬೀಳುತ್ತದೆ. ಹಾಗೆ ಮುಂದಕ್ಕೆ ಎಳೆಯುವುದು ಹೊರ ಟೆರಿಗಾಯ್ಡ್. ಗಲ್ಲದ ಕೆಳಗಿನ ಸಣ್ಣ ಸ್ನಾಯುಗಳೂ ಜತೆ ಕೊಡುತ್ತವೆ. ಒಂದೇ ಬದಿಯ ಹೊರ ಟೆರಿಗಾಯ್ಡ್ ಎಳೆದರೆ ಗಲ್ಲ ಎದುರು ಬದಿಗೆ ವಾಲುತ್ತದೆ. ಸುಮ್ನೆ ಮಾಡಿ ನೋಡಿ.

ಸಾಮಾನ್ಯವಾಗಿ ನಿಮ್ಮದೇ ಮೂರು ಬೆರಳು ನೆಟ್ಟಗೆ ಹಿಡಿಸುವಷ್ಟು ಬಾಯಿ ತೆರೆಯಬೇಕು. ಅಷ್ಟು ತೆರೆಯದಿದ್ದರೆ, ನೋವು ಜಾಸ್ತಿ ಇದ್ದರೆ, ದಂತವೈದ್ಯರಿಗೆ ತೋರಿಸಿ.

ಮೂಳೆಯನ್ನೇ ನೋಡಬೇಕೆಂದರೆ ಮಣಿಪಾಲದ ಅನಾಟಮಿ ಮ್ಯೂಸಿಯಂಗೆ ಹೋಗಿ. ತಲೆಬುರುಡೆಯ ಮುಂದೆ ನಿಂತಾಗ ಹಲ್ಲನ್ನಲ್ಲ, ದವಡೆಯ ಮೂಲೆ ನೋಡಿ. ಅಲ್ಲಿ ಮೂಳೆ ತರಿತರಿಯಾಗಿರುತ್ತದೆ. ಮ್ಯಾಸೆಟರ್ ಹಿಡಿದುಕೊಂಡಿದ್ದ ಜಾಗ ಅದು.